ನನ್ನ ಸೀರಿಯಲ್ಲು, ಮೊಮ್ಮಗಳ ಆಕಾಶ ಸಾಮ್ರಾಜ್ಯ

ಮನೆಗೆ ಒಂದೇ ಟಿ.ವಿ. ಇದ್ದು, ಅದರ ಮುಂದೆ ಮೂರು ತಲೆಮಾರು ಕೂತರೆ ಇಂಥವು ನಡೀತಾನೇ ಇರ್ತವೆ, ಯಾರಿಂದಲೂ ನಿಲ್ಲಿಸೋಕೆ ಆಗಲ್ಲ. ನಾನಂತೂ ನಿಲ್ಲಿಸೋಕೆ ಹೋದವಳೇ ಅಲ್ಲ, ಯಾಕೆ ಸುಳ್ಳು ಹೇಳಲಿ.

ಶೆಟ್ಟಿಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದ ಕಾಲಕ್ಕೆ ಸೊಸೆಯಾಗಿ ಬಂದವಳು ನಾನು. ಶಾಲೆ ಮೆಟ್ಟಿಲು ಹತ್ತಿಲ್ಲ. ಈಗ ನಾನು ಹೇಳ್ತಾ ಹೋಗ್ತೀನಿ, ನನ್ನ ಸೊಸೆ ಬರೀತಾ ಹೋಗ್ತಾಳೆ. ಅವಳ ವಿಷಯ ಬಂದ ಕಡೆ ಅವಳ ಪೆನ್ನು ನಿಧಾನ ಆಗುತ್ತೆ, ಅದನ್ನ ನಾನು ನೋಡಿಕೊಳ್ತೀನಿ. ಮನೇಲಿ ಇನ್ನಿಬ್ಬರು ಅಂದರೆ ಮಗ, ಮೊಮ್ಮಗಳು. ಮಗನಿಗೆ ಯಶವಂತಪುರದಲ್ಲಿ ಆಫೀಸು. ಮೊಮ್ಮಗಳು ಇಂಜಿನಿಯರಿಂಗ್ ಓದ್ತಾಳೆ, ಆಗ ರಜ ಅಂತ ಮನೇಲೇ ಇದ್ದಳು. ಎಲ್ಲಾ ಶುರುವಾಗಿದ್ದು ಆ ರಜದಲ್ಲೇ.

ಕಾದವರಿಗೆ ಬಂದದ್ದು

ಹೋದ ದೀಪಾವಳಿಯಿಂದಲೂ ಮೊಮ್ಮಗಳದ್ದು ಒಂದೇ ರಾಗ. "ಅಜ್ಜಿ, ಹೊಸ ಗೇಮ್ ಬರ್ತಾ ಇದೆ." ಊಟಕ್ಕೆ ಕೂತರೂ ಅದೇ, ತಲೆಗೆ ಎಣ್ಣೆ ಹಚ್ಚಿಸಿಕೊಳ್ಳೋವಾಗಲೂ ಅದೇ. ಆ ಆಟದ್ದು ಒಂದು ಚೂರು ವಿಡಿಯೋ ಬಿಟ್ಟಿದ್ದರಂತೆ, ಅದನ್ನೇ ಹಿಂದಕ್ಕೆ ಮುಂದಕ್ಕೆ ಓಡಿಸಿ ಓಡಿಸಿ ನೋಡೋಳು. ಮಗ ಹೇಳಿದ, "ಅವಳ ರಿಸಲ್ಟಿಗೂ ಅವಳು ಇಷ್ಟು ಕಾದವಳಲ್ಲ."

ಏನೇ ಅದು ಅಂತ ಕೇಳಿದೆ. ನಕ್ಷತ್ರಗಳ ಮಧ್ಯೆ ರಾಜ್ಯ ಕಟ್ಟೋ ಆಟವಂತೆ. ಮೊದಲು ಒಂದೇ ಒಂದು ಗ್ರಹ ಕೊಡ್ತಾರೆ. ಅಲ್ಲಿಂದ ಪಕ್ಕದ್ದು, ಅದರ ಪಕ್ಕದ್ದು, ಹೀಗೇ ಹಿಡೀತಾ ಹೋಗಬೇಕು.

"ಯಾರದ್ದನ್ನ ಹಿಡಿಯೋದು?"

"ಯಾರದ್ದೂ ಅಲ್ಲ ಅಜ್ಜಿ, ಖಾಲಿ ಬಿದ್ದಿರ್ತವೆ."

"ಖಾಲಿ ಬಿದ್ದಿರೋ ಜಾಗ ಯಾರದ್ದೂ ಅಲ್ಲ ಅಂತ ಬೆಂಗಳೂರಲ್ಲಿ ಇದ್ಕೊಂಡು ಹೇಳ್ತೀಯಲ್ಲೇ ನೀನು" ಅಂದೆ.

ಕೊನೆಗೆ, "ಅಜ್ಜಿ, ಶುಕ್ರವಾರ ಮಧ್ಯಾಹ್ನ ಬರುತ್ತೆ" ಅಂದಳು. ಇಷ್ಟು ಕಾದಿರೋದು, ಬಂದಾಗ ಬಾಗಿಲಲ್ಲಿ ಯಾರೂ ಇಲ್ಲ ಅಂತ ವಾಪಸ್ ಹೋದರೆ? ನಾನು ಜಗಲಿ ಮೇಲೆ ಚಾಪೆ ಹಾಸಿಕೊಂಡು ಬೆಳಗ್ಗೆಯೇ ಕೂತೆ. ಊಟದ ತಟ್ಟೇನೂ ಅಲ್ಲಿಗೇ ತರಿಸಿಕೊಂಡೆ. ಎದುರುಮನೆಯವರ ಮಿಕ್ಸಿ ಜಾರು ಬಂತು, ನಾನೇ ಇಸಕೊಂಡೆ. ಪಕ್ಕದವರ ಚಪ್ಪಲಿ ಬಂತು. ಮೇಲಿನ ಬಾಡಿಗೆಯವರ ನಾಯಿಗೆ ಬಿಸ್ಕತ್ತು ಬಂತು. ನಮ್ಮದು ಮಾತ್ರ ಇಲ್ಲ. ಕೊನೇ ಡೆಲಿವರಿಯವನನ್ನ ತಡೆದು ನಿಲ್ಲಿಸಿದೆ.

"ಸರಿಯಾಗಿ ನೋಡಪ್ಪ. ನಮ್ಮನೇಗೆ ಒಂದು ರಾಜ್ಯ ಬರಬೇಕಿತ್ತು."

ಪಾಪ, ಅವನು ಚೀಲದೊಳಗೆ ತಲೆ ಹಾಕಿ ತಳದವರೆಗೂ ಹುಡುಕಿದ. "ರಾಜ್ಯ ಯಾವುದೂ ಇಲ್ಲ ಅಜ್ಜಿ. ಒಂದು ಬಕೆಟ್ ಇದೆ, ಅದೂ ಹಿಂದಿನ ಬೀದಿದು."

ಕಾಫಿ ಹೊತ್ತಿಗೆ ಮೊಮ್ಮಗಳು ಒಳಗಿಂದ ಕುಣೀತಾ ಬಂದಳು. "ಬಂತು ಅಜ್ಜಿ, ಮುಕ್ಕಾಲು ಭಾಗ ಬಂದಿದೆ."

"ಯಾವ ಕಡೆಯಿಂದ ಬಂತೇ? ನಾನು ಬೆಳಗ್ಗೆಯಿಂದ ಬಾಗಿಲಲ್ಲೇ ಇದೀನಿ."

"ವೈಫೈನಲ್ಲಿ ಅಜ್ಜಿ."

ಈ ಬೀದೀಲಿ ನನ್ನ ಕಣ್ಣು ತಪ್ಪಿಸಿ ಒಂದು ಮನೆಯೊಳಗೆ ಹೋದದ್ದು ಅಂದರೆ ಇವತ್ತಿನವರೆಗೂ ಅದೊಂದೇ.

ಟಿ.ವಿ. ಪಂಚಾಯ್ತಿ

ಏಳೂವರೆಗೆ ನನ್ನ ಸೀರಿಯಲ್ಲು. ಅದರಲ್ಲಿ ಸೊಸೆ ಬೀರುವಿನ ಬಾಗಿಲಿಗೆ ಕೈ ಹಾಕಿ ವಾರಗಳೇ ಆಗಿದ್ದವು, ತೆಗೆದಿರಲಿಲ್ಲ. ಇವತ್ತಾದರೂ ತೆಗೀತಾಳೆ ಅಂತ ಬಂದು ಕೂತರೆ ಟಿ.ವಿ. ತುಂಬಾ ಕತ್ತಲೆ, ಕತ್ತಲೆ ತುಂಬಾ ಚುಕ್ಕಿ.

"ಏನೇ, ಟಿ.ವಿ. ಕೆಟ್ಟೋಯ್ತಾ?"

"ಅಜ್ಜಿ, ಅದು ನನ್ನ ಸಾಮ್ರಾಜ್ಯ."

ಕಂಪ್ಯೂಟರಿಂದ ಒಂದು ವೈರು ಎಳೆದು ಟಿ.ವಿ.ಗೆ ಸಿಕ್ಕಿಸಿದ್ದಳು. "ನಿನ್ನ ಸಾಮ್ರಾಜ್ಯ ಆ ಕಂಪ್ಯೂಟರಲ್ಲಿ ಹಿಡಿಸಲ್ವಾ?" ಅಂದೆ.

"ಅದರಲ್ಲಿ ಚಿಕ್ಕದಾಗಿ ಕಾಣುತ್ತೆ. ನೀನು ಮೊಬೈಲಲ್ಲಿ ನೋಡು ಅಜ್ಜಿ, ಪ್ಲೀಸ್."

"ಮೊಬೈಲಲ್ಲಿ ನನ್ನ ಕಣ್ಣಿಗೆ ಅತ್ತೆ ಯಾರು, ಕುಕ್ಕರ್ ಯಾವುದು ಅಂತ ಗೊತ್ತಾಗಲ್ಲ."

ಅಡುಗೆಮನೆಯಿಂದ ಸೊಸೆ ಹೇಳಿದಳು, "ಕೂಗೋದು ಅತ್ತೆ."

"ಎರಡೂ ಕೂಗ್ತವೆ ಕಣಮ್ಮ, ಕುಕ್ಕರ್ ಆದ್ರೆ ಲೆಕ್ಕ ಇಟ್ಕೊಂಡು ಕೂಗುತ್ತೆ" ಅಂದೆ. ಈ ಮಾತು ಬರೆಯೋ ಹೊತ್ತಿಗೆ ಸೊಸೆಗೆ ಪೆನ್ನಲ್ಲಿ ಇಂಕೇ ಬರ್ತಾ ಇಲ್ಲವಂತೆ.

ಆ ಹೊತ್ತಿಗೆ ಮಗ ಆಫೀಸಿಂದ ಬಂದ. ಕಾಲುಚೀಲ ಕಳಚೋಕೂ ಬಿಡದೆ ಇಬ್ಬರೂ ನ್ಯಾಯ ಕೇಳಿದೆವು. ಅವನು ಒಂದು ಕಾಲುಚೀಲ ಕೈಯಲ್ಲಿ ಹಿಡಕೊಂಡೇ ತೀರ್ಪು ಕೊಟ್ಟ. "ನೋಡು ಮಗಳೇ, ನಾಡಿದ್ದಲ್ಲ, ಮುಂದಿನ ವಾರದ ಭಾನುವಾರ ದೀಪ ಹಚ್ಚೋ ಹೊತ್ತಿಗೆ ನಿನ್ನ ರಾಜ್ಯ ಉಳಿದಿದ್ರೆ, ರಜ ಮುಗಿಯೋವರೆಗೂ ಸಂಜೆ ಟಿ.ವಿ. ನಿಂದು. ಬಿದ್ದೋಗಿದ್ರೆ ಅಜ್ಜೀದು. ಅಲ್ಲಿವರೆಗೂ ಅಜ್ಜಿ ಮೊಬೈಲಲ್ಲಿ ನೋಡ್ಲಿ. ಯಾರೂ ಅಳಬಾರದು."

"ನಿಂಗೆ ಯಾವಾಗಪ್ಪ ಟಿ.ವಿ.?" ಅಂತ ಮೊಮ್ಮಗಳು ಕೇಳಿದಳು.

"ನಾನು ಈ ಮನೆಗೆ ಊಟಕ್ಕೆ ಬರೋನು ಕಣಮ್ಮ."

ಅವತ್ತು ದೇವರ ಮುಂದೆ ನಿಂತು, ನನ್ನ ಮೊಮ್ಮಗಳು ಚೆನ್ನಾಗಿರಲಿ, ಅವಳಿಗೆ ಆಯಸ್ಸು ಆರೋಗ್ಯ ಎಲ್ಲಾ ಕೊಡು, ಅವಳ ರಾಜ್ಯ ಮಾತ್ರ ಆ ಭಾನುವಾರದೊಳಗೆ ಬಿದ್ದೋಗಲಿ ಅಂತ ಬೇಡಿಕೊಂಡೆ.

ಖಾಲಿ ಸೈಟು

ಮೊಬೈಲಲ್ಲಿ ಸೀರಿಯಲ್ ನೋಡೋಕೆ ಆಗದೆ ನಾನು ಆಕಾಶಾನೇ ನೋಡ್ತಾ ಕೂತೆ. ಆಟ ಅವಳೊಬ್ಬಳದ್ದೇ ಅಲ್ಲ, ಜೊತೇಲಿ ಓದೋ ಇನ್ನಿಬ್ಬರದ್ದೂ ಇತ್ತು. ಒಬ್ಬ ಆರ್.ಟಿ. ನಗರದವನು, ಒಬ್ಬಳು ಹೆಬ್ಬಾಳದವಳು. ಅವರವರ ಮನೇಲಿ ಅವರವರು ಕೂತು ಆಡೋದು, ಮಾತು ಮಾತ್ರ ನಮ್ಮ ಟಿ.ವಿ. ಒಳಗಿಂದ ಕೇಳೋದು. ಒಬ್ಬೊಬ್ಬರಿಗೆ ಒಂದು ಸರದಿ. ಏನು ಕಟ್ಟಬೇಕೋ, ಯಾರ ಮೇಲೆ ಹೋಗಬೇಕೋ ಮಾಡಿ, ಹಸಿರು ಗುಂಡಿ ಒತ್ತಿದರೆ ಮುಂದಿನವರ ಸರದಿ.

ಮೊಮ್ಮಗಳು ಒಂದು ಒಳ್ಳೇ ನೀರಿರೋ ಗ್ರಹ ಹಿಡಿದು, ಹಾಗೇ ಬಿಟ್ಟು ಮುಂದಕ್ಕೆ ಹೋದಳು.

"ಏನೂ ಹಾಕದೇ ಹೋಗ್ತೀಯಲ್ಲೇ. ಕಾಂಪೌಂಡ್ ಹಾಕಲ್ವಾ?"

"ಅಜ್ಜಿ, ಅದು ಗ್ರಹ. ಗ್ರಹಕ್ಕೆ ಯಾರು ಕಾಂಪೌಂಡ್ ಹಾಕ್ತಾರೆ?"

ಮಾರನೇ ಸಂಜೆ ನೋಡಿದರೆ ಆ ಗ್ರಹದ ಮೇಲೆ ಆರ್.ಟಿ. ನಗರದವನ ಬಾವುಟ. "ಥ್ಯಾಂಕ್ಸ್ ಮಗಾ, ನೀರೂ ಚೆನ್ನಾಗಿದೆ" ಅಂತ ಟಿ.ವಿ. ಒಳಗಿಂದ ಅವನ ನಗು. ಮೊಮ್ಮಗಳ ಮುಖ ಸೊಪ್ಪಾಯ್ತು. ನನಗೆ ಒಳಗೊಳಗೇ ಖುಷಿ. ಆದರೂ ಮೊಮ್ಮಗಳು ನೋಡಿ, ಬಾಯಿ ತಡೀಲಿಲ್ಲ.

ಅವನ ರಾಜ್ಯಕ್ಕೂ ನಮ್ಮ ರಾಜ್ಯಕ್ಕೂ ಮಧ್ಯೆ ಓಡಾಡೋಕೆ ಒಂದೇ ಹತ್ತಿರದ ದಾರಿ. ಆ ದಾರಿ ನಡುವೆ ಒಂದು ಬೋಳು ಗ್ರಹ. ನೀರಿಲ್ಲ, ಗಾಳಿಯಿಲ್ಲ. "ಅದನ್ನ ಹಿಡಿ" ಅಂದೆ. "ಹಿಡಿದು ಮೂರು ಕೆಲಸ ಮಾಡು. ಸುತ್ತ ಕಾಂಪೌಂಡ್, ಮೂಲೇಲಿ ಒಂದು ಶೀಟಿನ ಮನೆ, ಮುಂದೆ ಒಂದು ಬೋರ್ಡು."

ಬೇರೆ ದಾರಿ ಇಲ್ಲದೆ ಮಾಡಿದಳು. ಗೋಡೆ ಸಿಕ್ಕಿತು, ಶೀಟಿನ ಮನೆ ಥರ ಒಂದು ಕಾವಲು ಗೂಡೂ ಸಿಕ್ಕಿತು. ಬೋರ್ಡು ಆ ಆಟದಲ್ಲಿ ಇಲ್ಲವಂತೆ, ಗ್ರಹಕ್ಕೆ ಹೆಸರು ಮಾತ್ರ ಇಡಬಹುದಂತೆ. "ಹಾಗಾದ್ರೆ ಅದನ್ನೇ ಹೆಸರಿಡು" ಅಂದೆ. ಹಾಗೆ ಆ ಗ್ರಹಕ್ಕೆ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಅಂತ ಹೆಸರಾಯ್ತು.

ಕಟ್ಟೋ ಸಾಮಾನಿನ ಚಿತ್ರಗಳ ಸಾಲಲ್ಲಿ ಗೋಪುರದ ಥರದ್ದು ಒಂದು ಇತ್ತು. "ಈ ಗುಡಿ ಏನಕ್ಕೆ?" ಅಂತ ಕೇಳಿದೆ.

"ಅದು ವೇಸ್ಟ್ ಅಜ್ಜಿ. ತುಂಬಾ ಖರ್ಚು, ಉಪಯೋಗ ಇಲ್ಲ. ಅದನ್ನ ಯಾರಾದ್ರೂ ಒಡೆದ್ರೆ ಆಕಾಶದಲ್ಲಿರೋ ರಾಜ್ಯಗಳೆಲ್ಲಾ ಅವರ ಮೇಲೆ ತಿರುಗಿ ಬೀಳ್ತವೆ, ಅಷ್ಟೇ."

ಅಷ್ಟೇ ಅಂತೆ.

ಸ್ವಲ್ಪ ಹೊತ್ತಿಗೆ ಆರ್.ಟಿ. ನಗರದವನ ಹಡಗು ಆ ಕಡೆ ಬಂತು. ಬೋರ್ಡು ಓದಿಕೊಂಡ ಅಂತ ಕಾಣುತ್ತೆ, ಹಡಗು ಗ್ರಹಕ್ಕೆ ಒಂದು ಸುತ್ತು ಹಾಕಿತು. ಆಮೇಲೆ ಕೇಳಿದ, "ಗುರು, ಕಾರ್ನರ್ ಸೈಟಾ ಇದು?"

ಹಸಿದ ಪ್ರಜೆಗಳು

ಇನ್ನೊಂದು ದಿನ ಮಧ್ಯಾಹ್ನ ಟಿ.ವಿ. ಮೂಲೇಲಿ ಕೆಂಪು ದೀಪ ಮಿಣಕ್ ಮಿಣಕ್ ಅಂತು. "ಅಯ್ಯೋ, ನನ್ನ ಜನಕ್ಕೆ ಊಟ ಇಲ್ಲ" ಅಂತ ಮೊಮ್ಮಗಳು ತಲೆ ಮೇಲೆ ಕೈ ಹೊತ್ತಳು.

ಸೊಸೆ ಹುರುಳಿಕಾಯಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಂದು ನಿಂತಳು. "ಬೆಳಗ್ಗೆಯಿಂದ ಇದರ ನಾರು ತೆಗೆದು ಕೊಡು ಅಂತ ಬಡ್ಕೋತಾ ಇದೀನಿ. ಇಲ್ಲಿ ಮನೇಲಿ ಮೂರು ಜನಕ್ಕೆ ಊಟ ಇಲ್ಲ, ಅದಕ್ಕೆ ಯಾವ ದೀಪಾನೂ ಉರಿಯಲ್ಲ. ಅಲ್ಲಿ ಯಾರೋ ಹಸಿದ್ರೆ ಮಹಾರಾಣಿಗೆ ಕಣ್ಣೀರು."

"ಅಮ್ಮಾ, ಮೈಕ್ ಆನ್ ಇದೆ."

"ಇರಲಿ. ಯಾರಪ್ಪ ಅಲ್ಲಿರೋದು? ನಿಂದು ಊಟ ಆಯ್ತಾ?"

"ಇಲ್ಲ ಆಂಟಿ" ಅಂದ ಆರ್.ಟಿ. ನಗರದವನು.

"ನಿಮ್ಮಮ್ಮ ಏನ್ ಅಡುಗೆ ಮಾಡಿದಾರೆ?"

"ಗೊತ್ತಿಲ್ಲ ಆಂಟಿ, ಹೆಬ್ಬಾಳದ ಮೇಲೆ ದಾಳಿ ಮಾಡ್ತಾ ಇದೀನಿ."

"ದಾಳಿ ಆಮೇಲೆ ಮಾಡುವೆಯಂತೆ. ಎದ್ದು ಹೋಗಿ ನಿಮ್ಮಮ್ಮಂಗೆ ತಟ್ಟೆ ಹಾಕ್ಕೊಡು."

ಅವನ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿಸ್ತು, "ಯಾರೋ ಅದು? ಅವರ ಬಾಯಿಗೆ ಸಕ್ಕರೆ ಹಾಕ. ಎದ್ದೇಳೋ ಮೇಲೆ."

ದಾಳಿ ಅಲ್ಲಿಗೇ ನಿಂತಿತು. ಹೆಬ್ಬಾಳದವಳು ಮೆಲ್ಲಗೆ, "ಥ್ಯಾಂಕ್ಸ್ ಆಂಟಿ, ನಾಳೇನೂ ಇದೇ ಹೊತ್ತಿಗೆ ಬನ್ನಿ" ಅಂದಳು.

ದಾರಿ ಮಧ್ಯೆ

ತೀರ್ಪಿನ ಭಾನುವಾರ ಬಂತು. ಅವತ್ತೇ ಬ್ಯಾಟರಾಯನಪುರದಲ್ಲಿ ಸೊಸೆಯ ಕಡೆ ನೆಂಟರ ಮನೇಲಿ ಸೀಮಂತ. ಮೊಮ್ಮಗಳು ಬರೋದೇ ಇಲ್ಲ ಅಂತ ಹಟ ಹಿಡಿದಳು. ಸೊಸೆ ಸೀರೆ ನೆರಿಗೆ ಹಿಡೀತಾ ಹೇಳಿದಳು, "ನಿನ್ನ ಮದುವೆಗೆ ಬಂದು ಕೆಲಸ ಮಾಡೋರು ಅವರು, ಆ ಹೆಬ್ಬಾಳದೋಳಲ್ಲ. ನಡಿ." ಕಾರು ಓಡಿಸೋಕೆ ಮಗನೂ ಹೊರಟ. ಮಂಡಿ ನೋವು ಅಂತ ನಾನೊಬ್ಬಳು ಉಳಿದೆ.

ಮೊಮ್ಮಗಳಿಗೆ ಬೇರೆ ಗತಿ ಇರಲಿಲ್ಲ. ಸರದಿ ಬಂದಾಗ ಗುಂಡಿ ಒತ್ತೋರು ಯಾರೂ ಇಲ್ಲದಿದ್ದರೆ ರಾಜ್ಯ ತಾನಾಗೇ ಹೋಗುತ್ತಂತೆ. "ಅಜ್ಜಿ, ಹಸಿರು ಗುಂಡಿ ಒಂದೇ ಒತ್ತು. ನನ್ನ ತಲೆ ಮೇಲೆ ಕೈಯಿಟ್ಟು ಹೇಳು, ಬೇಕಂತ ಸೋಲಲ್ಲ ಅಂತ."

ಕೈಯಿಟ್ಟೆ. "ಬೇಕಂತ ಸೋಲಲ್ಲ ಕಣಮ್ಮ" ಅಂದೆ. ಗುಂಡಿ ಒತ್ತಿಕೊಂಡೇ ರಾಜ್ಯ ಬಿದ್ದರೆ ಅದು ನನ್ನ ತಪ್ಪಲ್ಲವಲ್ಲ ಅಂತ ಮನಸ್ಸಲ್ಲೇ ಅಂದುಕೊಂಡೆ. ಅವತ್ತು ಸಂಜೆ ಬೀರು ತೆಗೆಯೋದನ್ನ ದೊಡ್ಡ ಟಿ.ವಿ.ಯಲ್ಲೇ ನೋಡೋದು ಖಂಡಿತ ಅಂತ ಒಂದು ಬಟ್ಟಲು ಪುರಿ ಒಗ್ಗರಣೆ ಮಾಡಿಕೊಂಡು ಕೂತೆ.

ಆರ್.ಟಿ. ನಗರದವನ ಹಡಗುಗಳು ಸಾಲಾಗಿ ಬಂದವು, ಇರುವೆ ಬಂದ ಹಾಗೆ. "ಅಜ್ಜಿ, ನಮಸ್ಕಾರ" ಅಂದ. "ನಿಮ್ಮನೆ ಬೆಟ್ ವಿಷಯ ಗೊತ್ತು. ಆರಾಮಾಗಿ ಕೂತಿರಿ, ಇನ್ನು ಸ್ವಲ್ಪ ಹೊತ್ತಲ್ಲಿ ನಿಮ್ಮ ಸೀರಿಯಲ್ ನಿಮ್ಮ ಕೈಗೆ ಬರುತ್ತೆ."

ಎಷ್ಟು ಒಳ್ಳೇ ಹುಡುಗ ಅನ್ನಿಸ್ತು. ಹಸಿರು ಗುಂಡಿ ಒತ್ತಿದೆ. ಪುರಿ ತಿಂದೆ. ಇನ್ನೊಂದು ಸಲ ಒತ್ತಿದೆ. ಹಡಗುಗಳು ನಮ್ಮ ಬೋಳು ಗ್ರಹದ ಹತ್ತಿರಕ್ಕೆ ಬಂದವು. ಅಲ್ಲಿಗೆ ಬಂದವನು ಸುಮ್ಮನೆ ಒಡಕೊಂಡು ಹೋಗಬೇಕಿತ್ತು. ಮಾತಾಡಿ ಕೆಟ್ಟ.

"ಅಜ್ಜಿ, ನಿಮ್ಮ ಕಾಂಪೌಂಡು ಸ್ವಲ್ಪ ನಮ್ಮ ಕಡೆಗೆ ಬಂದಿದೆ. ಈ ಜಾಗ ಮೊದಲಿಂದಾನೂ ನಮ್ದೇ."

ನನ್ನ ಕೈಯಲ್ಲಿದ್ದ ಪುರಿ ಬಟ್ಟಲಿಗೇ ವಾಪಸ್ ಬಿತ್ತು.

ಈ ಮಾತು ನಾನು ಕೇಳಿದ್ದೆ. ನಮ್ಮ ಹೊಲದ ಬದುವಿನಲ್ಲಿ ಪಕ್ಕದ ಹೊಲದವನು ಗಡಿಕಲ್ಲು ಕಿತ್ತು ಈಚೆ ನೆಟ್ಟು, ಮೀಸೆ ಸವರಿಕೊಂಡು ಇದೇ ಮಾತು ಹೇಳಿದ್ದ. ನಮ್ಮತ್ತೆ ಜಗಳಾನೇ ಮಾಡಲಿಲ್ಲ. ಕಲ್ಲು ಮೊದಲು ಎಲ್ಲಿತ್ತೋ ಅಲ್ಲೇ ಒಂದು ನಾಗರಕಲ್ಲು ನೆಟ್ಟು, ಅರಿಶಿನ ಕುಂಕುಮ ಹಚ್ಚಿ, ಎರಡು ಹೂವಿಟ್ಟು ಮನೆಗೆ ಬಂದರು. ಬೆಳಗಾಗೆದ್ದು ಅವನು ನೋಡಿದ, ಚಪ್ಪಲಿ ಬಿಟ್ಟ, ಕೈ ಮುಗಿದ, ತನ್ನ ಕಲ್ಲು ತಾನೇ ಹೊತ್ತುಕೊಂಡು ಹೋದ. ಆಮೇಲೆ ಹೊಲ ಹೋಗಿ ಲೇಔಟ್ ಆಯ್ತು, ಟಾರು ರಸ್ತೆ ಬಂತು. ಆ ರಸ್ತೆ ಇವತ್ತಿಗೂ ಅಲ್ಲಿ ಸೊಂಟ ತಿರುಗಿಸಿಕೊಂಡೇ ಹೋಗುತ್ತೆ.

ಸೀರಿಯಲ್ಲು, ಬೀರು, ಸೊಸೆ, ಯಾವುದೂ ನೆನಪಿಗೆ ಬರಲಿಲ್ಲ. ಕನ್ನಡಕ ಸೆರಗಿನಲ್ಲಿ ಒರೆಸಿಕೊಂಡೆ. ಚಿತ್ರಗಳ ಸಾಲಲ್ಲಿ ಗೋಪುರ ಹುಡುಕಿದೆ, ಮೊಮ್ಮಗಳು ಮಾಡೋ ಹಾಗೇ ಅದನ್ನ ಒತ್ತಿ, ಎಳಕೊಂಡು ಬಂದು ಬೋಳು ಗ್ರಹದ ಮೇಲೆ ಕೂರಿಸಿದೆ. ಇದ್ದಬದ್ದ ಖಜಾನೆ ಎಲ್ಲಾ ಖಾಲಿಯಾಯ್ತು. ಹಸಿರು ಗುಂಡಿ ಒತ್ತಿದೆ.

ಸಾಲಾಗಿ ಬರ್ತಾ ಇದ್ದ ಹಡಗುಗಳು ಇದ್ದಲ್ಲೇ ನಿಂತವು.

"ಅಜ್ಜಿ, ಇದೇನು ರೋಡ್ ಮಧ್ಯದಲ್ಲಿ ಗುಡಿ ಕಟ್ಟಿಬಿಟ್ರಿ?"

"ಯಾಕಪ್ಪ, ನಿಮ್ಮ ಕಡೆ ರೋಡ್ ಮಧ್ಯದಲ್ಲಿ ಗುಡಿ ಇಲ್ವಾ?"

"ಇದೆ."

"ಅಲ್ಲಿ ಏನ್ ಮಾಡ್ತೀಯ?"

"ಕೈ ಮುಗಿದು ಸುತ್ತಾಕ್ಕೊಂಡು ಹೋಗ್ತೀನಿ."

"ಇಲ್ಲೂ ಹಾಗೇ ಹೋಗು."

ಒಡೆದರೆ ಆಕಾಶವೆಲ್ಲಾ ಅವನ ಮೇಲೆ ತಿರುಗಿ ಬೀಳುತ್ತೆ, ಅದು ಅವನಿಗೂ ಗೊತ್ತು. ಸುತ್ತಿಕೊಂಡು ಬರೋದು ಅಂದರೆ ಇದ್ದದ್ದು ಒಂದೇ ದಾರಿ, ಹೆಬ್ಬಾಳದವಳ ರಾಜ್ಯದೊಳಗಿಂದ. ಅವಳು ಮೊದಲೇ ಅವನ ಮೇಲೆ ಹಲ್ಲು ಕಡೀತಾ ಇದ್ದಳು. ಒಂದೊಂದು ಹಡಗಿಗೂ ಅಡ್ಡ ನಿಂತಳು. ಹಿಂದಿನದು ಮುಂದೆ ಬರೋ ಹಾಗಿಲ್ಲ, ಮುಂದಿನದು ಹಿಂದೆ ಹೋಗೋ ಹಾಗಿಲ್ಲ. ನಾನು ಪುರಿ ಮುಗಿಸಿ, ಕಾಫಿ ಕಾಯಿಸಿಕೊಂಡು ಬಂದು ನೋಡಿದರೂ ಅಲ್ಲೇ ಇದ್ದವು.

ದೀಪ ಹಚ್ಚೋ ಹೊತ್ತಿಗೆ ಮೊಮ್ಮಗಳು ತಲೇಲಿ ಹೂವು, ಕೈಯಲ್ಲಿ ಕೋಸಂಬರಿ ಡಬ್ಬಿ ಹಿಡಕೊಂಡು ಓಡಿಬಂದಳು. ರಾಜ್ಯ ಇದ್ದ ಹಾಗೇ ಇತ್ತು. "ಅವನ ಸೈನ್ಯ ಎಲ್ಲಜ್ಜಿ?" ಅಂತ ಕೇಳಿದಳು.

"ಹೆಬ್ಬಾಳದಲ್ಲಿ ಸಿಕ್ಕಾಕ್ಕೊಂಡಿದೆ."

ಮಗ ಕಾರಿನ ಕೀಲಿ ಮೊಳೆಗೆ ನೇತು ಹಾಕ್ತಾ ಹೇಳಿದ, "ಹಾಗಾದ್ರೆ ಇವತ್ತಂತೂ ಬರಲ್ಲ ಬಿಡು. ನಾವೂ ಈಗ ಅಲ್ಲಿನ ಟ್ರಾಫಿಕ್ಕಿಂದಲೇ ಬಿಡಿಸಿಕೊಂಡು ಬಂದಿದ್ದು."

ಮಂಗಳಾರತಿ

ಮೊಮ್ಮಗಳು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ಮಗ ಗಂಟಲು ಸರಿಮಾಡಿಕೊಂಡು ತೀರ್ಪು ನೆನಪಿಸಿದ. ಆಗ ನನಗೆ ಹೊಳೀತು, ನಾನು ಏನು ಮಾಡಿಕೊಂಡೆ ಅಂತ. ಮೊಮ್ಮಗಳ ರಾಜ್ಯ ಉಳಿಸಿ ನನ್ನ ಟಿ.ವಿ. ಕಳಕೊಂಡಿದ್ದೆ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಳೋಕೆ ಹೋಗಿದ್ದಲ್ಲ.

ಮಾರನೇ ಸಂಜೆ ಏಳೂಕಾಲಿಗೆ ನಾನು ಟಿ.ವಿ. ಮುಂದೆ ಹೋಗಿ ಕೂತೆ.

"ಅಜ್ಜಿ, ತೀರ್ಪಾಗಿದೆ" ಅಂದಳು ಮೊಮ್ಮಗಳು.

"ಆಗಿದೆ ಕಣಮ್ಮ, ಟಿ.ವಿ. ನಿಂದೇ. ಗುಡಿ ಯಾರದ್ದು?"

"ಅಂದ್ರೆ?"

"ಗುಡಿ ಅಂದ ಮೇಲೆ ಪೂಜೆ ಬೇಡ್ವಾ? ದಿನಾ ಏಳೂವರೆಗೆ ಮಂಗಳಾರತಿ. ಅರ್ಧ ಗಂಟೆ ಆಕಾಶದಲ್ಲಿ ಯಾರೂ ಜಗಳ ಆಡಬಾರದು, ಹಡಗು ಓಡಿಸಬಾರದು. ಟಿ.ವಿ.ನೂ ಆ ಹೊತ್ತು ಸುಮ್ನೆ ಕತ್ತಲು ತೋರಿಸ್ತಾ ಇರೋದು ಬೇಡ, ನಾನು ಬೇರೆ ಏನಾದ್ರೂ ನೋಡ್ಕೋತೀನಿ."

"ಆಗಲ್ಲ ಅಜ್ಜಿ. ಆಟ ನಿಲ್ಲಿಸಬೇಕಂದ್ರೆ ಮೂರು ಜನಾನೂ ಒಪ್ಪಬೇಕು."

"ಒಪ್ಪದಿದ್ರೆ ಬೇಡ. ಪೂಜೆ ಇಲ್ಲದ ಗುಡಿ ಮನೆತನಕ್ಕೆ ಒಳ್ಳೇದಲ್ಲ. ಕಟ್ಟಿದೋಳೇ ಬಿಚ್ಚಿ ಹಾಕ್ತೀನಿ, ಆ ಗುಂಡಿ ಎಲ್ಲಿದೆ ಅಂತಾನೂ ನೋಡ್ಕೊಂಡಿದೀನಿ."

ಮೊಮ್ಮಗಳು ನನ್ನ ಮುಖ ನೋಡಿದಳು. ತಮಾಷೆ ಅಲ್ಲ ಅಂತ ಗೊತ್ತಾಯ್ತು. ಅಳುಮುಖ ಮಾಡಿಕೊಂಡು ಮೈಕ್ ಹತ್ತಿರ ಎಳಕೊಂಡು ಇಬ್ಬರಿಗೂ ವಿಷಯ ಹೇಳಿದಳು. ಹೆಬ್ಬಾಳದವಳು, ಅಜ್ಜಿ ಹೇಳಿದ ಹಾಗೆ ಆಗಲಿ ಅಂದಳು. ಹಡಗುಗಳು ಇನ್ನೂ ಅವಳ ಹತ್ತಿರಾನೇ ಇದ್ದವು, ಅವಳಿಗೇನು ಅವಸರ. ತಕರಾರು ತೆಗೆಯೋದಿದ್ದರೆ ಆರ್.ಟಿ. ನಗರದವನೇ. ಗುಡಿ ಹೋದರೆ ಅವನಿಗೇ ಲಾಭ. ಬೇಡ ಅಂದುಬಿಟ್ಟರೆ ನನ್ನ ಕಥೆ ಮುಗೀತು ಅಂತ ನಾನು ರಿಮೋಟು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಅವನು ಒಂದು ತಕರಾರೂ ತೆಗೆಯದೆ, "ಓಕೆ, ಏಳೂವರೆ, ನಿಲ್ಲಿಸಿದೆ" ಅಂದುಬಿಟ್ಟ. ಮೊಮ್ಮಗಳಿಗೆ ನಂಬಿಕೆನೇ ಬರಲಿಲ್ಲ.

ಅವತ್ತಿಂದ ದಿನಾ ಏಳೂವರೆಗೆ ಆಕಾಶದಲ್ಲಿ ಯುದ್ಧ ನಿಂತಿತು. ನಾನು ದೊಡ್ಡ ಟಿ.ವಿ.ಯಲ್ಲಿ ಸೀರಿಯಲ್ ನೋಡಿದೆ. ಅದರಲ್ಲಿನ ಸೊಸೆ ಕೊನೆಗೂ ಬೀರು ತೆಗೆದಳು. ಒಳಗೆ ಇನ್ನೊಂದು ಬೀರುವಿನ ಕೀಲಿ ಇತ್ತು.

ಒಂದು ಸಂಜೆ ಮಂಗಳಾರತಿ ಮುಗಿಸಿ ಟಿ.ವಿ. ಮೊಮ್ಮಗಳಿಗೆ ಬಿಟ್ಟುಕೊಟ್ಟು ಏಳೋ ಹೊತ್ತಿಗೆ, ಆರ್.ಟಿ. ನಗರದವನ ದನಿ ಮೆತ್ತಗೆ ಬಂತು.

"ಅಜ್ಜಿ, ಒಂದು ನಿಮಿಷ. ನಮ್ಮನೇಲೂ ಒಂದೇ ಟಿ.ವಿ. ನಮ್ಮಮ್ಮ ನಿಮಗೊಂದು ಮಾತು ಕೇಳು ಅಂತ ಪಕ್ಕದಲ್ಲೇ ನಿಂತಿದಾರೆ."

"ಕೇಳಪ್ಪ."

"ನಿಮ್ಮ ಗುಡೀಲಿ ಒಂಬತ್ತು ಗಂಟೆಗೂ ಒಂದು ಪೂಜೆ ಇಟ್ಕೋಬಹುದಾ ಅಂತೆ. ಅವರ ಇನ್ನೊಂದು ಸೀರಿಯಲ್ ಆಗ ಬರೋದು."